ಮೇಡಂ ಕ್ಯೂರಿಯ ದುಡಿಮೆಯೂ ವಿಹಾರವೂ

ದುಡಿಮೆಯು ಮನುಷ್ಯನಿಗೆ ಹೇಗೆ ಕರ್ತವ್ಯವೋ ವಿಶ್ರಾಂತಿಯೂ ಹಾಗೆಯೇ ಕರ್ತವ್ಯವೆಂಬ ಮಾತನ್ನು ಬಾಯಲ್ಲಿ ಒಪ್ಪದವರಿಲ್ಲ. ಆದರೆ ನಡತೆಯಲ್ಲಿ ಅದನ್ನು ತೋರಿಸತಕ್ಕವರು, ಅದರಲ್ಲಿಯೂ ಸ್ತ್ರೀಯರಲ್ಲಿ, ಬಹು ವಿರಳ. ನಮ್ಮ ಪಾಠಶಾಲೆಯಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ವೈದ್ಯರಾಗಿಯೂ ಕಚೇರಿಗಳ ನೌಕರರಾಗಿಯೂ ಇರುವರು. ಮನೆವಾರ್ತೆಯನ್ನೇ ಪೂರ್ಣವಾಗಿ ಹೊತ್ತವರೂ ಉಂಟು. ಅವರು ನಮ್ಮನ್ನು ಕಾಣಲು ಬಂದಾಗ ಆಡುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಹಗಲೆಲ್ಲ ಹೊರಗಿನ ಕೆಲಸ, ಸಂಜೆ ಮನೆಯ ಕೆಲಸ. ನಡುವೆ ಒಂದು ಗಳಿಗೆ ಸುಮ್ಮನೆ ಕುಳಿತರೆ ಏನೋ ತಪ್ಪು ಮಾಡಿದಂತೆ ಮನಸ್ಸು ಅಳುಕುತ್ತದೆಂದು ಅವರು ಹೇಳುವರು. ಇನ್ನು ತಾಯಿತಂದೆಗಳಲ್ಲಿ ಕೆಲವರು ಪರೀಕ್ಷೆಯು ಸಮೀಪಿಸಿದೊಡನೆ ನಮ್ಮ ಬಳಿಗೆ ಬಂದು, ತಮ್ಮ ಮಗಳನ್ನು ಆಟದ ಬಯಲಿಗೆ ಕಳುಹಿಸದೆ ಆ ಹೊತ್ತಿನಲ್ಲಿಯೂ ಓದಿಗೆ ಕೂರಿಸಬೇಕೆಂದು ಕೇಳಿಕೊಳ್ಳುವರು. ಇವರೆಲ್ಲರ ಮನಸ್ಸಿನಲ್ಲಿರುವ ಎಣಿಕೆ ಒಂದೇ. ವಿನೋದಕ್ಕೆ ಕೊಟ್ಟ ಹೊತ್ತು ಕೆಲಸದಿಂದ ಕದ್ದ ಹೊತ್ತೆಂದು ಅವರು ತಿಳಿದಿರುವರು.

ಈ ಎಣಿಕೆಯು ಸರಿಯೋ ತಪ್ಪೋ ಎಂಬುದನ್ನು ವಿಚಾರಿಸುವುದಕ್ಕಾಗಿ ಮೇಡಂ ಕ್ಯೂರಿಯ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕೆಂದಿರುವೆವು. ಆಕೆಯ ಹೆಸರನ್ನು ಕೇಳದ ವಿದ್ಯಾರ್ಥಿನಿ ಇಲ್ಲ. ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲನೆಯ ಸ್ತ್ರೀ ಆಕೆ. ಎರಡು ಬೇರೆ ಬೇರೆ ವಿಜ್ಞಾನಶಾಖೆಗಳಲ್ಲಿ ಅದನ್ನು ಪಡೆದವರು ಇಂದಿನವರೆಗೂ ಆಕೆಯೊಬ್ಬಳೇ. ಆದರೆ ಪಾಠಪುಸ್ತಕಗಳಲ್ಲಿ ನಾವು ಕಾಣುವ ಮೇಡಂ ಕ್ಯೂರಿಯು ಕರಿಯ ಉಡುಪನ್ನುಟ್ಟು, ಹಸಿವು ನಿದ್ರೆಗಳನ್ನು ಮರೆತು, ಸೋರುವ ಕೊಟ್ಟಿಗೆಯೊಂದರಲ್ಲಿ ಅದಿರನ್ನು ಕುದಿಸುತ್ತ ನಿಂತಿರುವವಳು. ಆ ಚಿತ್ರವು ಸುಳ್ಳಲ್ಲ, ಅರ್ಧ ಮಾತ್ರ. ಉಳಿದರ್ಧದಲ್ಲಿ ಬೈಸಿಕಲ್ಲು ಇದೆ, ಹೊಳೆಯ ಈಜು ಇದೆ, ಗುಲಾಬಿಯ ಬಳ್ಳಿ ಇದೆ, ಮಕ್ಕಳ ಉಯ್ಯಾಲೆಯೂ ಇದೆ. ಈ ಎರಡು ಅರ್ಧಗಳನ್ನೂ ಜೊತೆಯಾಗಿ ನೋಡಿದಾಗಲೇ ಆಕೆಯ ಬಾಳಿನ ನಿಜವಾದ ಪಾಠವು ತಿಳಿಯುವುದು.

ಆಕೆಯ ಹುಟ್ಟು ಹೆಸರು ಮಾರ್ಯಾ ಸ್ಕ್ಲೊಡೋವ್ಸ್ಕಾ. 1867ನೆಯ ಇಸವಿ ನವೆಂಬರು 7ನೆಯ ತಾರೀಖು ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ, ಐವರು ಮಕ್ಕಳಲ್ಲಿ ಕಿರಿಯವಳಾಗಿ ಆಕೆ ಜನಿಸಿದಳು. ಆ ದೇಶವು ಆಗ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಗಾಗಿದ್ದು, ಮಕ್ಕಳು ತಮ್ಮ ತಾಯ್ನುಡಿಯಲ್ಲಿ ಪಾಠ ಕಲಿಯುವುದಕ್ಕೂ ಅಡ್ಡಿಯಿದ್ದಿತು. ತಂದೆಯು ಗಣಿತ ಮತ್ತು ಭೌತಶಾಸ್ತ್ರಗಳ ಉಪಾಧ್ಯಾಯ. ತಾಯಿಯು ಬಾಲಿಕೆಯರ ಪಾಠಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಆ ತಾಯಿಯು ಕ್ಷಯರೋಗದಿಂದ 1878ರಲ್ಲಿ ತೀರಿಕೊಂಡಾಗ ಮಾರ್ಯಾಳಿಗೆ ಹತ್ತು ವರ್ಷ. ಹಿರಿಯಕ್ಕನು ಅದಕ್ಕೂ ಮುಂಚೆಯೇ ವಿಷಮಜ್ವರಕ್ಕೆ ತುತ್ತಾಗಿದ್ದಳು. ಈ ದುಃಖಗಳ ನಡುವೆಯೂ ಹುಡುಗಿಯು ಓದಿನಲ್ಲಿ ಹಿಂದೆ ಬೀಳಲಿಲ್ಲ. 1883ರ ಜೂನ್ ತಿಂಗಳಲ್ಲಿ, ಇನ್ನೂ ಹದಿನಾರು ತುಂಬುವುದಕ್ಕೆ ಮೊದಲೇ, ಸುವರ್ಣಪದಕದೊಡನೆ ಶಾಲೆಯ ವ್ಯಾಸಂಗವನ್ನು ಮುಗಿಸಿದಳು.

ಪದಕವು ಕೈಗೆ ಬಂದಿತು, ಆದರೆ ದೇಹವೂ ಮನಸ್ಸೂ ಸೋತುಹೋದುವು. ಆಗ ತಂದೆಯು ಮಾಡಿದ ಕಾರ್ಯವನ್ನು ಇಂದಿನ ತಾಯಿತಂದೆಗಳು ಲಕ್ಷ್ಯಕೊಟ್ಟು ಕೇಳಬೇಕು. ಆತನು ಧನಿಕನಲ್ಲ, ಮಕ್ಕಳೆಲ್ಲರೂ ಬೇಗ ಸಂಪಾದನೆಗೆ ತೊಡಗಬೇಕಾದ ಸ್ಥಿತಿ ಆ ಮನೆಯದು. ಹೀಗಿದ್ದರೂ ಆತನು ಮಗಳನ್ನು ಒಂದು ವರ್ಷದ ಮಟ್ಟಿಗೆ ಹಳ್ಳಿಯಲ್ಲಿದ್ದ ಬಂಧುಗಳ ಮನೆಗಳಿಗೆ ಕಳುಹಿಸಿಬಿಟ್ಟನು. ಅಲ್ಲಿ ಆಕೆಗೆ ಪಾಠವಿಲ್ಲ, ವೇಳಾಪಟ್ಟಿಯಿಲ್ಲ. ಕಾಡಿನಲ್ಲಿ ತಿರುಗುವುದು, ಹೊಳೆಯಲ್ಲಿ ಮೀಯುವುದು, ಮನಸ್ಸಿಗೆ ಬಂದ ಕಾದಂಬರಿಗಳನ್ನು ಓದುವುದು, ಚಳಿಗಾಲದಲ್ಲಿ ಹಿಮದ ಮೇಲೆ ಜಾರುಬಂಡಿಗಳನ್ನೇರಿ ವಾದ್ಯಗಾರರೊಡನೆ ಮನೆಯಿಂದ ಮನೆಗೆ ಹೋಗಿ ರಾತ್ರಿಯಿಡೀ ಕುಣಿಯುವುದು, ಇವೇ ಆ ವರ್ಷದ ಕಾರ್ಯಕ್ರಮ. ಬೀಜಗಣಿತ ರೇಖಾಗಣಿತಗಳೆಂಬುವು ಲೋಕದಲ್ಲಿ ಇವೆಯೆಂಬುದೇ ನೆನಪಿಲ್ಲವೆಂಬರ್ಥದಲ್ಲಿ ಆಕೆ ತನ್ನ ಗೆಳತಿಗೆ ಕಾಗದ ಬರೆದಳು. ಮರು ಬೇಸಗೆಯಲ್ಲಿ ಆಕೆಯನ್ನೂ ಅಕ್ಕ ಹೆಲೆನಾಳನ್ನೂ ತನ್ನ ಹಳ್ಳಿಮನೆಗೆ ಕರೆಯಿಸಿಕೊಂಡವಳು ಯಾರೆಂದರೆ, ಅವರ ತಾಯಿಯ ಹಳೆಯ ವಿದ್ಯಾರ್ಥಿನಿ. ತನಗೆ ವಿದ್ಯೆ ಕಲಿಸಿದವಳು ಗತಿಸಿ ಆರು ವರ್ಷಗಳಾದ ಮೇಲೆ ಆಕೆಯ ಮಕ್ಕಳನ್ನು ನೆನೆದು, ಅವರಿಗೆ ನಗುವನ್ನೂ ಆಟವನ್ನೂ ಉಣಬಡಿಸಿದ ಆ ಶಿಷ್ಯೆಯ ಕೃತಜ್ಞತೆಯು ನಮ್ಮ ಹಳೆಯ ವಿದ್ಯಾರ್ಥಿನಿಯರ ಮನಸ್ಸನ್ನು ಮುಟ್ಟದೆ ಇರದು. ಅಲ್ಲಿಯ ನೃತ್ಯಗಳಲ್ಲಿ ಮಾರ್ಯಾಳ ಪಾದರಕ್ಷೆಯ ಅಟ್ಟೆಗಳು ಸವೆದು, ಅವನ್ನು ಎಸೆಯಬೇಕಾಯಿತಂತೆ. ಮುಂದೆ ಲೋಕವನ್ನೇ ಬೆರಗುಗೊಳಿಸಿದ ಬುದ್ಧಿಯು ಆ ಒಂದು ವರ್ಷದ ಬಿಡುವಿನಿಂದ ಮೊಂಡಾಗಲಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಡುವು ಮುಗಿದೊಡನೆ ದುಡಿಮೆಯು ಬಂದಿತು. ವಾರ್ಸಾದ ವಿಶ್ವವಿದ್ಯಾನಿಲಯವು ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಕ್ಕ ಬ್ರೋನ್ಯಾಳು ಪ್ಯಾರಿಸಿನಲ್ಲಿ ವೈದ್ಯಶಾಸ್ತ್ರವನ್ನು ಓದಲಿ, ಅಲ್ಲಿಯವರೆಗೆ ತಾನು ದುಡಿದು ಹಣ ಕಳುಹಿಸುವೆನು, ಆಮೇಲೆ ಅಕ್ಕನು ತನ್ನನ್ನು ಓದಿಸಲಿ ಎಂದು ಮಾರ್ಯಾಳು ಒಪ್ಪಂದ ಮಾಡಿಕೊಂಡಳು. 1886ರಿಂದ ಮೂರು ವರ್ಷಗಳಿಗೂ ಮೇಲ್ಪಟ್ಟು ದೂರದ ಹಳ್ಳಿಯ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಬಿಡುವಿನಲ್ಲಿ ಅಲ್ಲಿಯ ಒಕ್ಕಲುಮಕ್ಕಳಿಗೆ ಅವರ ತಾಯ್ನುಡಿಯ ಅಕ್ಷರಗಳನ್ನು ಕಲಿಸುತ್ತ, ರಾತ್ರಿ ತನ್ನ ಓದನ್ನು ತಾನೇ ಸಾಗಿಸುತ್ತ ಇದ್ದಳು. 1891ರ ನವೆಂಬರಿನಲ್ಲಿ ಆಕೆಯ ಸರದಿಯು ಬಂದು, ಪ್ಯಾರಿಸಿನ ಸೋರ್ಬೋನ್ ವಿದ್ಯಾಪೀಠವನ್ನು ಸೇರಿದಳು.

ಮೊದಲು ಕೆಲವು ತಿಂಗಳು ಅಕ್ಕಭಾವಂದಿರ ಮನೆಯಲ್ಲಿದ್ದು, ಬಳಿಕ ವಿದ್ಯಾಪೀಠಕ್ಕೆ ಹತ್ತಿರವಾಗಲೆಂದು ಮಾಳಿಗೆಯ ಮೇಲಣ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಳು. ಚಳಿ ಹೆಚ್ಚಾದಾಗ ಇದ್ದ ಬಟ್ಟೆಗಳನ್ನೆಲ್ಲ ಹೊದಿಕೆಯ ಮೇಲೆ ಹೇರಿಕೊಂಡು ಮಲಗುವಳು. ಅಡಿಗೆಗೆ ಹೊತ್ತು ಕೊಡುವುದು ಆಕೆಗೆ ನಷ್ಟವೆಂದು ತೋರಿತು. ಚಹಾ, ರೊಟ್ಟಿ, ಬೆಣ್ಣೆಗಳಲ್ಲಿ ವಾರಗಳು ಕಳೆದುವು. ಒಂದು ದಿನ ಗೆಳತಿಯೊಬ್ಬಳ ಕಣ್ಣೆದುರಿಗೇ ಮೂರ್ಛೆಹೋದಳು. ವೈದ್ಯನಾದ ಭಾವನು ಓಡಿಬಂದು ವಿಚಾರಿಸಿದಾಗ, ಹಿಂದಿನ ಸಂಜೆಯಿಂದ ಆಕೆ ತಿಂದಿದ್ದುದು ಒಂದು ಹಿಡಿ ಮೂಲಂಗಿ ಮತ್ತು ಸ್ವಲ್ಪ ಚೆರಿ ಹಣ್ಣು ಮಾತ್ರವೆಂದು ತಿಳಿಯಿತು. ಆತನು ಆಕೆಯನ್ನು ಮನೆಗೆ ಕರೆದೊಯ್ದು, ಹೊಟ್ಟೆ ತುಂಬ ಉಣ್ಣಿಸಿ, ಹೊತ್ತಿಗೆ ಸರಿಯಾಗಿ ಮಲಗಿಸಿದನು. ಒಂದು ವಾರದಲ್ಲಿ ಬಣ್ಣ ತಿರುಗಿತು. ಕೋಣೆಗೆ ಮರಳಿದ ಮೇಲೆ ಹಳೆಯ ರೂಢಿಯೇ ಮುಂದುವರಿಯಿತು. 1893ರಲ್ಲಿ ಭೌತಶಾಸ್ತ್ರದ ಪದವಿಪರೀಕ್ಷೆಯಲ್ಲಿ ಮೊದಲನೆಯವಳಾಗಿಯೂ 1894ರಲ್ಲಿ ಗಣಿತದಲ್ಲಿ ಎರಡನೆಯವಳಾಗಿಯೂ ಆಕೆ ತೇರ್ಗಡೆ ಹೊಂದಿದಳು. ಕೀರ್ತಿಯನ್ನು ಕಂಡವರು ಮೂಲಂಗಿಯ ಊಟವನ್ನೇ ಅದಕ್ಕೆ ಕಾರಣವೆಂದು ಹೊಗಳುವುದುಂಟು. ನಾವು ಹಾಗೆ ಎಣಿಸುವುದಿಲ್ಲ. ಆಕೆಯನ್ನು ಗೆಲ್ಲಿಸಿದುದು ಏಕಾಗ್ರಚಿತ್ತ; ಉಪವಾಸವು ಆಕೆಯನ್ನು ನೆಲಕ್ಕೆ ಬೀಳಿಸಿತು, ಅಷ್ಟೆ.

1894ರ ವಸಂತಕಾಲದಲ್ಲಿ ಪಿಯೆರ್ ಕ್ಯೂರಿ ಎಂಬ ವಿಜ್ಞಾನಿಯ ಪರಿಚಯವಾಗಿ, 1895ರ ಜುಲೈ 26ರಂದು ಅವರ ವಿವಾಹವು ನಡೆಯಿತು. ಆಡಂಬರವೇನೂ ಇಲ್ಲ. ಮದುವೆಯ ಉಡುಪು ಸಹ, ಆಮೇಲೆ ಪ್ರಯೋಗಶಾಲೆಯಲ್ಲಿ ಉಡಲು ಬರುವಂತೆ, ಗಾಢವಾದ ನೀಲಿಯ ಬಣ್ಣದ್ದಾಗಿದ್ದಿತು. ಬಂಧುವೊಬ್ಬರು ಉಡುಗೊರೆಯಾಗಿ ಕೊಟ್ಟ ಹಣದಿಂದ ದಂಪತಿಗಳು ಕೊಂಡುದು ಎರಡು ಬೈಸಿಕಲ್ಲುಗಳನ್ನು. ಆ ಬೈಸಿಕಲ್ಲುಗಳ ಮೇಲೆಯೇ ಅವರು ಊರೂರು ಅಲೆದರು. ರೊಟ್ಟಿ, ಗಿಣ್ಣು, ಹಣ್ಣುಗಳನ್ನು ದಾರಿಯಲ್ಲಿ ಕೊಂಡು ಮರದ ನೆರಳಿನಲ್ಲಿ ತಿನ್ನುವುದು, ಕತ್ತಲಾದ ಕಡೆಯಲ್ಲಿ ಯಾವುದಾದರೊಂದು ಹಳ್ಳಿಯ ವಸತಿಗೃಹದಲ್ಲಿ ತಂಗುವುದು, ಇದೇ ಅವರ ಮಧುಚಂದ್ರ. ಮುಂದೆಯೂ ವರ್ಷವಿಡೀ ಮಿತವಾಗಿ ಖರ್ಚುಮಾಡುತ್ತ, ಕಾಸುಕಾಸಿಗೂ ಲೆಕ್ಕ ಬರೆದಿಡುತ್ತ ಬಂದ ಆ ಗೃಹಿಣಿಯು ಬೇಸಗೆಯ ವಿಹಾರವನ್ನು ಮಾತ್ರ ದುಂದುವೆಚ್ಚವೆಂದು ಎಣಿಸಲಿಲ್ಲ.

1897ರ ಸೆಪ್ಟೆಂಬರಿನಲ್ಲಿ ಐರೀನ್ ಎಂಬ ಮಗಳು ಹುಟ್ಟಿದಳು. ಅದೇ ತಿಂಗಳಲ್ಲಿ ಪಿಯೆರನ ತಾಯಿಯು ತೀರಿಕೊಂಡುದರಿಂದ, ವೈದ್ಯನಾಗಿದ್ದ ಆತನ ತಂದೆಯು ಮಗನ ಮನೆಗೇ ಬಂದು ನೆಲಸಿದನು. ಮೊಮ್ಮಗಳಿಗೆ ಆಡಿಸುವವನೂ ಕಲಿಸುವವನೂ ಈ ಅಜ್ಜನೇ ಆದನು. ಇದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮನೆಯಲ್ಲಿ ಮತ್ತೊಂದು ಜೊತೆ ಕೈಗಳಿಲ್ಲದೆ ತಾಯಿಯಾದವಳು ಹೊರಗೆ ದುಡಿಯುವುದು ಕಷ್ಟ, ವಿಶ್ರಾಂತಿ ಪಡೆಯುವುದು ಇನ್ನೂ ಕಷ್ಟ. ಸೊಸೆಯ ವಿದ್ಯೆಯನ್ನು ತನ್ನ ಮನೆತನದ ಗೌರವವೆಂದು ಭಾವಿಸಿ ತೊಟ್ಟಿಲನ್ನು ತೂಗಿದ ಆ ಮಾವನ ಹೆಸರು ರೇಡಿಯಂ ಕಥೆಯಲ್ಲಿ ಸೇರಲೇಬೇಕಾದ ಹೆಸರು. ಆತನು ಡಾಕ್ಟರ್ ಯೂಜೀನ್ ಕ್ಯೂರಿ.

ಮುಂದಿನ ವರ್ಷವೇ ಆ ಪ್ರಸಿದ್ಧವಾದ 1898. ಯುರೇನಿಯಂ ಎಂಬ ಲೋಹದಿಂದ ಹೊರಡುವ ಕಿರಣಗಳನ್ನು ಆಂರಿ ಬೆಕೆರೆಲನು ಕಂಡುಹಿಡಿದು ಎರಡು ವರ್ಷಗಳಾಗಿದ್ದುವು. ಅದರ ಅದಿರಿನಲ್ಲಿ ಇರಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಕಿರಣಶಕ್ತಿಯಿರುವುದನ್ನು ಮೇರಿ ಅಳೆದು ಕಂಡು, ಅದರೊಳಗೆ ಲೋಕವು ಅರಿಯದ ಮೂಲವಸ್ತುವಿದೆಯೆಂದು ನಿಶ್ಚಯಿಸಿದಳು. ಜುಲೈ 18ರಂದು ಪೊಲೋನಿಯಂ ಎಂಬ ಹೊಸ ಧಾತುವನ್ನು ತನ್ನ ತಾಯ್ನಾಡಿನ ಹೆಸರಿಟ್ಟು ಪ್ರಕಟಿಸಿದುದಾಯಿತು. ಅದೇ ಬೇಸಗೆಯಲ್ಲಿ ಆಕೆ ಅಡಿಗೆಯ ಪುಸ್ತಕದ ಅಂಚಿನಲ್ಲಿ, ಎಂಟು ಪೌಂಡು ಹಣ್ಣಿಗೆ ಅಷ್ಟೇ ತೂಕದ ಸಕ್ಕರೆ ಹಾಕಿ ಕುದಿಸಿ ಹದಿನಾಲ್ಕು ಭರಣಿ ಹಣ್ಣಿನ ಪಾಕ ಮಾಡಿದುದನ್ನು, ಪ್ರಯೋಗದ ವರದಿಯಂತೆಯೇ ಕ್ರಮವಾಗಿ ಗುರುತಿಸಿಟ್ಟಳು. ಆಮೇಲೆ?

ಈ ಪ್ರಶ್ನೆಗೆ ನಮ್ಮಲ್ಲಿ ಬಹುಜನರು ಕೊಡುವ ಉತ್ತರವು ಹಗಲಿರುಳೂ ದುಡಿದು ಎರಡನೆಯ ಧಾತುವನ್ನು ಬೆನ್ನಟ್ಟಿದಳೆಂದು. ನಡೆದುದು ಬೇರೆ. ದಂಪತಿಗಳು ಮಗುವನ್ನೂ ಬೈಸಿಕಲ್ಲುಗಳನ್ನೂ ತೆಗೆದುಕೊಂಡು ಫ್ರಾನ್ಸಿನ ಓವೆರ್ನ್ ಎಂಬ ಗುಡ್ಡಗಾಡಿನ ಪ್ರಾಂತಕ್ಕೆ ಹೋಗಿ, ರೈತನೊಬ್ಬನ ಮನೆಯನ್ನು ಬಾಡಿಗೆಗೆ ಹಿಡಿದು, ಬೆಟ್ಟಗಳನ್ನು ಹತ್ತುತ್ತ, ಗುಹೆಗಳನ್ನು ನೋಡುತ್ತ, ಹೊಳೆಯಲ್ಲಿ ಈಜುತ್ತ ಬೇಸಗೆಯನ್ನು ಕಳೆದರು. ಶರತ್ಕಾಲದಲ್ಲಿ ಮರಳಿ ಕೆಲಸಕ್ಕೆ ನಿಂತರು. ಡಿಸೆಂಬರು 26ರಂದು ರೇಡಿಯಂ ಎಂಬ ಎರಡನೆಯ ಧಾತುವು ಲೋಕಕ್ಕೆ ಪ್ರಕಟವಾಯಿತು. ಎರಡು ಮಹಾಶೋಧಗಳ ನಡುವೆ ಒಂದು ಬೇಸಗೆಯ ರಜೆಯು ಇದ್ದಿತೆಂಬುದನ್ನು ನಮ್ಮ ವಾಚಕರು ಮರೆಯದಿರಲಿ.

ಹೊಸ ಧಾತುವಿದೆಯೆಂದು ಹೇಳಿದರೆ ಸಾಲದು. ಅದನ್ನು ಬೇರ್ಪಡಿಸಿ ತೋರಿಸಬೇಕು. ಅದಕ್ಕಾಗಿ ದೊರೆತುದು, ಹಿಂದೆ ವೈದ್ಯವಿದ್ಯಾರ್ಥಿಗಳು ಶವಗಳನ್ನು ಸೀಳಿ ಕಲಿಯುತ್ತಿದ್ದ ಒಂದು ಹಾಳು ಕೊಟ್ಟಿಗೆ. ಮಳೆಗಾಲದಲ್ಲಿ ಗಾಜಿನ ಮಾಡು ಸೋರುವುದು, ಬೇಸಗೆಯಲ್ಲಿ ಬೇಗೆ, ಚಳಿಯಲ್ಲಿ ನಡುಕ. ಅಲ್ಲಿ 1898ರಿಂದ 1902ರವರೆಗೆ ನಾಲ್ಕು ವರ್ಷಗಳ ಕಾಲ ಆಕೆ ಟನ್ನುಗಟ್ಟಲೆ ಅದಿರಿನ ಕಸವನ್ನು, ಒಂದೊಂದು ಸಲಕ್ಕೆ ಇಪ್ಪತ್ತು ಕಿಲೋಗ್ರಾಮಿನಷ್ಟನ್ನು, ತನ್ನೆತ್ತರದ ಕಬ್ಬಿಣದ ಕೋಲಿನಿಂದ ಕಲಕಿ ಕುದಿಸಿದಳು. ಕೊನೆಗೆ ದೊರೆತ ಶುದ್ಧ ರೇಡಿಯಂ ಲವಣವು ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಆ ಕೊಟ್ಟಿಗೆಯಲ್ಲಿಯೂ ಸಂತೋಷಕ್ಕೆ ಎಡೆಯಿದ್ದಿತು. ರಾತ್ರಿಯ ಊಟವಾದ ಮೇಲೆ ಮಗುವನ್ನು ಮಲಗಿಸಿ ದಂಪತಿಗಳು ಮತ್ತೆ ಅಲ್ಲಿಗೆ ನಡೆದುಹೋಗಿ, ದೀಪ ಹಚ್ಚದೆ, ಹಲಗೆಗಳ ಮೇಲೆ ಸಾಲಾಗಿಟ್ಟ ಗಾಜಿನ ಕೊಳವೆಗಳು ಕತ್ತಲಲ್ಲಿ ಮಿನುಗುವುದನ್ನು ಸುಮ್ಮನೆ ನೋಡುತ್ತ ಕುಳಿತಿರುವರು.

ಆದರೆ ಈ ವರ್ಷಗಳಲ್ಲಿ ಭಾರವು ಮಿತಿಮೀರಿತು. ಸಂಸಾರಕ್ಕೆ ಸಾಲದೆ ಬಂದುದರಿಂದ 1900ರಲ್ಲಿ ಆಕೆ ಸೆವ್ರ್ ಎಂಬಲ್ಲಿಯ ಉಪಾಧ್ಯಾಯಿನಿಯರ ಶಿಕ್ಷಣಶಾಲೆಯಲ್ಲಿ ಪಾಠ ಹೇಳುವ ಕೆಲಸವನ್ನೂ ಹೊತ್ತಳು. ಅಲ್ಲಿಯವರೆಗೆ ಬರಿಯ ಉಪನ್ಯಾಸವಾಗಿದ್ದ ಭೌತಶಾಸ್ತ್ರವನ್ನು ವಿದ್ಯಾರ್ಥಿನಿಯರು ಕೈಯಾರೆ ಪ್ರಯೋಗಮಾಡಿ ಕಲಿಯುವಂತೆ ಮಾಡಿದಳು. ಅದಿರು, ಪಾಠ, ಪ್ರಯಾಣ, ಮನೆ, ಮಗು. ಊಟವು ಮತ್ತೆ ನೆಪಮಾತ್ರವಾಯಿತು. 1903ರಲ್ಲಿ ಜಾರ್ಜ್ ಸಾನ್ಯಾಕ್ ಎಂಬ ಭೌತಶಾಸ್ತ್ರಜ್ಞನು ಮೇರಿಯ ಮುಖವನ್ನು ಕಂಡು ಹೆದರಿ, ಪಿಯೆರನಿಗೆ ಒಂದು ದೀರ್ಘವಾದ ಕಾಗದವನ್ನು ಬರೆದನು. ಊಟದ ಹೊತ್ತಿನಲ್ಲಿ ಭೌತಶಾಸ್ತ್ರವನ್ನು ಓದುವುದಾಗಲಿ ಮಾತಾಡುವುದಾಗಲಿ ಸಲ್ಲದೆಂದೂ, ಬಾಳಿನ ಪ್ರತಿಯೊಂದು ಗಳಿಗೆಯಲ್ಲಿಯೂ ಕೆಲಸವನ್ನು ಬೆರಸಬಾರದೆಂದೂ, ದೇಹಕ್ಕೆ ಉಸಿರಾಡಲು ಬಿಡಬೇಕೆಂದೂ ಆ ಕಾಗದದ ತಾತ್ಪರ್ಯ. ಗೆಳೆಯನ ಧರ್ಮವನ್ನು ಅಂಜದೆ ಮಾಡಿದ ಈತನನ್ನು ನಾವು ಮೆಚ್ಚುವೆವು. ಅದೇ ಜೂನಿನಲ್ಲಿ ಮೇರಿಗೆ ಡಾಕ್ಟರ್ ಪದವಿ ಬಂದಿತು. ಆಗಸ್ಟಿನಲ್ಲಿ ಗರ್ಭದಲ್ಲಿದ್ದ ಶಿಶುವು ಅಕಾಲದಲ್ಲಿ ಹುಟ್ಟಿ ಅಳಿಯಿತು. ತನ್ನ ಶಕ್ತಿಯನ್ನು ಅತಿಯಾಗಿ ನಂಬಿ ಅದನ್ನು ಉಳಿಸಿಕೊಳ್ಳದೆ ಹೋದೆನೆಂದು ಆಕೆ ಅಕ್ಕನಿಗೆ ಬರೆದುಕೊಂಡು ದುಃಖಿಸಿದಳು. ಡಿಸೆಂಬರಿನಲ್ಲಿ ಬೆಕೆರೆಲನೊಡನೆ ದಂಪತಿಗಳಿಗೆ ನೊಬೆಲ್ ಪಾರಿತೋಷಕವು ಬಂದಾಗ, ಅದನ್ನು ಸ್ವೀಕರಿಸಲು ಸ್ಟಾಕ್‌ಹೋಮಿಗೆ ಪ್ರಯಾಣ ಮಾಡುವಷ್ಟು ಶಕ್ತಿಯೂ ಬಿಡುವೂ ಅವರಿಗಿರಲಿಲ್ಲ. 1905ರ ಜೂನಿನಲ್ಲಿಯೇ ಅವರು ಅಲ್ಲಿಗೆ ಹೋದುದು.

1904ರ ಡಿಸೆಂಬರಿನಲ್ಲಿ ಎರಡನೆಯ ಮಗಳಾದ ಈವ್ ಹುಟ್ಟಿದಳು. 1906ರ ಈಸ್ಟರ್ ಹಬ್ಬದ ದಿನಗಳನ್ನು ಕುಟುಂಬವು ಪ್ಯಾರಿಸಿನ ಹೊರಗಣ ಒಂದು ಹಳ್ಳಿಯಲ್ಲಿ ಕಳೆಯಿತು. ಐರೀನ್ ಹಸುರು ಬಲೆಯನ್ನು ಹಿಡಿದು ಚಿಟ್ಟೆಗಳ ಹಿಂದೆ ಓಡುತ್ತಿದ್ದಳು, ಗಂಡಹೆಂಡಿರು ಹುಲ್ಲಿನ ಮೇಲೆ ಒರಗಿದ್ದರು. ಅದಾದ ಕೆಲವೇ ದಿನಗಳಲ್ಲಿ, ಏಪ್ರಿಲ್ 19ರಂದು, ಮಳೆ ಬೀಳುತ್ತಿದ್ದ ಪ್ಯಾರಿಸಿನ ಬೀದಿಯಲ್ಲಿ ಪಿಯೆರನು ಭಾರವಾದ ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ಪ್ರಾಣಬಿಟ್ಟನು. ಆ ಹಳ್ಳಿಯ ದಿನಗಳನ್ನು ಅವರು ಕೆಲಸದ ನೆವದಿಂದ ಮುಂದಕ್ಕೆ ಹಾಕಿದ್ದರೆ ಅವು ಎಂದಿಗೂ ಬರುತ್ತಿರಲಿಲ್ಲ. ಮಕ್ಕಳೊಡನೆ ಕಳೆಯಬೇಕಾದ ಹೊತ್ತನ್ನು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಎಂದು ತಳ್ಳುತ್ತಿರುವ ತಾಯಿತಂದೆಗಳು ಇದನ್ನು ಒಂದು ನಿಮಿಷ ಯೋಚಿಸಲಿ.

ಗಂಡನ ಪೀಠವು ಹೆಂಡತಿಗೆ ಬಂದಿತು. ಸೋರ್ಬೋನಿನಲ್ಲಿ ಪಾಠ ಹೇಳಿದ ಮೊದಲ ಸ್ತ್ರೀಯಾಗಿ 1906ರ ನವೆಂಬರು 5ರಂದು ಆಕೆ ವೇದಿಕೆಯ ಮೇಲೆ ನಿಂತು, ತನ್ನ ದುಃಖವನ್ನು ಕುರಿತು ಒಂದು ಮಾತನ್ನೂ ಆಡದೆ, ಪಿಯೆರನು ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಪಾಠವನ್ನು ಮುಂದುವರಿಸಿದಳು. ಇನ್ನು ಮೇಲೆ ಆಕೆಯು ನಗುವನ್ನೂ ಆಟವನ್ನೂ ಮನೆಯಿಂದ ಹೊರಹಾಕಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆಕೆ ಮಕ್ಕಳ ಸಲುವಾಗಿ ಸೋ ಎಂಬ ಊರಿನಲ್ಲಿ ತೋಟವುಳ್ಳ ಮನೆಯನ್ನು ಮಾಡಿ, ಆ ತೋಟದಲ್ಲಿ ಅಡ್ಡಕಂಬವನ್ನು ನಿಲ್ಲಿಸಿ, ಅದಕ್ಕೆ ಉಯ್ಯಾಲೆಯ ಕೋಲು, ಬಳೆಗಳು, ಹತ್ತುವ ಹಗ್ಗ ಇವನ್ನು ಕಟ್ಟಿಸಿದಳು.

ಅಂದಿನ ಫ್ರಾನ್ಸಿನ ಪಾಠಶಾಲೆಗಳು ಮಕ್ಕಳನ್ನು ಗಾಳಿಯಿಲ್ಲದ ಕೊಠಡಿಗಳಲ್ಲಿ ಅತಿ ಹೆಚ್ಚು ಹೊತ್ತು ಕೂಡಿಹಾಕುತ್ತವೆಂಬುದು ಆಕೆಯ ದೃಢವಾದ ಅಭಿಪ್ರಾಯವಾಗಿದ್ದಿತು. ಆದುದರಿಂದ 1907ರ ಸುಮಾರಿಗೆ ಸೋರ್ಬೋನಿನ ಕೆಲವರು ಪ್ರಾಧ್ಯಾಪಕರೂ ಅವರ ಪತ್ನಿಯರೂ ಸೇರಿ ತಮ್ಮ ಹತ್ತಾರು ಮಕ್ಕಳಿಗೆ ತಾವೇ ಪಾಠ ಹೇಳುವ ಒಂದು ಏರ್ಪಾಡನ್ನು ಮಾಡಿಕೊಂಡರು. ದಿನಕ್ಕೆ ಒಂದೇ ಪಾಠ. ಅದು ಮಾತ್ರ ಅತ್ಯುತ್ತಮವಾದುದು. ಜಾನ್ ಪೆರಾಂ ರಸಾಯನಶಾಸ್ತ್ರವನ್ನೂ ಪಾಲ್ ಲಾಂಜೆವಾಂ ಗಣಿತವನ್ನೂ ಮೇರಿಯು ಭೌತಶಾಸ್ತ್ರವನ್ನೂ ಹೇಳಿದರು. ಉಳಿದ ಹೊತ್ತೆಲ್ಲ ಅಂಗಸಾಧನೆ, ತೋಟದ ಕೆಲಸ, ಮಣ್ಣಿನ ಬೊಂಬೆ ಮಾಡುವುದು, ಅಡಿಗೆ, ಹೊಲಿಗೆ, ಬಯಲಿನಲ್ಲಿ ನಡಿಗೆ. ಮೇರಿಯು ಬೈಸಿಕಲ್ಲಿನ ಉಕ್ಕಿನ ಗುಂಡೊಂದನ್ನು ಮಸಿಯಲ್ಲಿ ಅದ್ದಿ ಇಳಿಜಾರಾದ ಹಲಗೆಯ ಮೇಲೆ ಉರುಳಿಸಿ, ಅದು ಬರೆದ ವಕ್ರರೇಖೆಯಿಂದ ಬೀಳುವ ವಸ್ತುಗಳ ನಿಯಮವನ್ನು ಮಕ್ಕಳಿಗೆ ತೋರಿಸಿದಳು. ಅವರಿಗೆ ಅದು ಪಾಠವೋ ಆಟವೋ ತಿಳಿಯದು. ಸುಮಾರು ಎರಡು ವರ್ಷ ನಡೆದ ಈ ಚಿಕ್ಕ ಶಾಲೆಯಲ್ಲಿ ಒಬ್ಬ ಬಾಲಕಿಯು ಬರೆದಿಟ್ಟ ಟಿಪ್ಪಣಿಗಳು ದೀರ್ಘಕಾಲದ ಮೇಲೆ, 2003ರಲ್ಲಿ, ಪುಸ್ತಕವಾಗಿ ಪ್ರಕಟವಾದುವು. ಆ ಶಾಲೆಯ ಮಕ್ಕಳಲ್ಲೊಬ್ಬಳಾದ ಐರೀನಳೇ ಮುಂದೆ 1935ರಲ್ಲಿ ಗಂಡನೊಡನೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದವಳು. ಒಂದೇ ಪಾಠ, ಉಳಿದುದೆಲ್ಲ ಬಯಲು ಎಂಬ ಏರ್ಪಾಡನ್ನು ನಮ್ಮಂಥ ದೊಡ್ಡ ಶಾಲೆಗಳಲ್ಲಿ ನಡೆಸಲಾಗದೆಂಬುದನ್ನು ನಾವು ಬಲ್ಲೆವು. ಆದರೆ ದಿನದ ಒಂದು ಗಂಟೆ ಆಟವನ್ನು ಕಿತ್ತುಕೊಂಡರೆ ಬುದ್ಧಿಯು ಬೆಳೆಯುವುದೆಂಬ ಭ್ರಮೆಗೆ ಇದಕ್ಕಿಂತ ತಕ್ಕ ಉತ್ತರವು ಬೇಕೆ?

1911ರಲ್ಲಿ ಎರಡನೆಯ ನೊಬೆಲ್ ಪಾರಿತೋಷಕವು ರಸಾಯನಶಾಸ್ತ್ರದಲ್ಲಿ ಬಂದಿತು. ಅದೇ ಕಾಲಕ್ಕೆ ವೃತ್ತಪತ್ರಿಕೆಗಳು ಆಕೆಯ ಸ್ವಂತ ಬಾಳನ್ನು ಬೀದಿಗೆಳೆದು ನಿಂದಿಸಿದುವು. ವರ್ಷದ ಕೊನೆಯಲ್ಲಿ ಮೂತ್ರಪಿಂಡದ ವ್ಯಾಧಿಯಿಂದ ಹಾಸಿಗೆ ಹಿಡಿದಳು, 1912ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಬೇಸಗೆಯಲ್ಲಿ ಇಂಗ್ಲೆಂಡಿನ ವಿಜ್ಞಾನಿಯಾದ ಹರ್ಥಾ ಏರ್ಟನ್ ಎಂಬಾಕೆಯು ಆಕೆಯನ್ನು ಮಕ್ಕಳೊಡನೆ ಕಡಲ ತೀರದ ಮನೆಯಲ್ಲಿ ಇರಿಸಿಕೊಂಡು ಉಪಚರಿಸಿದಳು. ಸುಮಾರು ಒಂದು ವರ್ಷ ಆಕೆ ಪ್ರಯೋಗಶಾಲೆಯ ಬಾಗಿಲನ್ನು ತುಳಿಯಲಿಲ್ಲ. ಇದರಿಂದ ವಿಜ್ಞಾನವು ಮುಳುಗಿಹೋಗಲಿಲ್ಲ; ಆಕೆ ಉಳಿದಳು. 1913ರ ಬೇಸಗೆಯಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಹೆಣ್ಣುಮಕ್ಕಳೊಡನೆ ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯಲ್ಲಿ ಕಾಲ್ನಡಿಗೆಯಾಗಿ ಸಂಚರಿಸಿದಳು. ಆಲ್ಬರ್ಟ್ ಐನ್‌ಸ್ಟೈನನೂ ಆತನ ಮಗನೂ ಜೊತೆಗಿದ್ದರು. ಮಕ್ಕಳು ಮುಂದೆ ಓಡುತ್ತಿರಲು, ಹಿಂದೆ ಇಬ್ಬರು ವಿಜ್ಞಾನಿಗಳು ತಮ್ಮ ಶಾಸ್ತ್ರದ ಮಾತುಗಳಲ್ಲಿ ಮುಳುಗಿ ನಡೆಯುತ್ತಿದ್ದರಂತೆ.

ಆ ಸಮಯಕ್ಕೆ ಪ್ಯಾರಿಸಿನಲ್ಲಿ ರೇಡಿಯಂ ಸಂಸ್ಥೆಯ ಕಟ್ಟಡವು ಏಳುತ್ತಿದ್ದಿತು. ಗೋಡೆಗಳು ಮುಗಿಯುವುದಕ್ಕೆ ಮೊದಲೇ ಮೇರಿಯು ಅಂಗಳದಲ್ಲಿ ಮರಗಳನ್ನು ನೆಡಿಸಿ, ಗುಲಾಬಿಯ ಬಳ್ಳಿಗಳನ್ನು ತನ್ನ ಕೈಯಿಂದಲೇ ನೆಟ್ಟು ನೀರೆರೆದಳು. ಒಳಗೆ ದುಡಿಯುವವರು ಕಣ್ಣೆತ್ತಿದಾಗ ಹಸುರು ಕಾಣಬೇಕು, ಕಟ್ಟಡವು ಸಿದ್ಧವಾಗುವಾಗ ನೆರಳೂ ಸಿದ್ಧವಾಗಿರಬೇಕು ಎಂಬುದು ಆಕೆಯ ದೂರದೃಷ್ಟಿ. 1914ರಲ್ಲಿ ಮಹಾಯುದ್ಧವು ಬಂದು ಎಲ್ಲವನ್ನೂ ತಡೆಯಿತು. ಆಕೆಯು ಎಕ್ಸ್‌ರೇ ಯಂತ್ರವುಳ್ಳ ಮೋಟಾರುಗಾಡಿಗಳನ್ನು ಇಪ್ಪತ್ತರಷ್ಟು ಸಜ್ಜುಗೊಳಿಸಿ, ಆಸ್ಪತ್ರೆಗಳಲ್ಲಿ ಸುಮಾರು 200 ಎಕ್ಸ್‌ರೇ ಕೊಠಡಿಗಳನ್ನು ಏರ್ಪಡಿಸಿ, ತಾನೂ ಗಾಡಿ ನಡೆಸಲು ಕಲಿತು, ಮಗಳೊಡನೆ ಯುದ್ಧರಂಗದ ಆಸ್ಪತ್ರೆಗಳಲ್ಲಿ ದುಡಿದಳು. ಈ ಏರ್ಪಾಡಿನಿಂದ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಗಾಯಾಳುಗಳ ಪರೀಕ್ಷೆ ನಡೆಯಿತು. ವಿಹಾರವನ್ನು ಬದಿಗಿಡಬೇಕಾದ ಕಾಲವೂ ಉಂಟು. ಪ್ರಾಣವು ಕೈಯಲ್ಲಿರುವಾಗ ಯಾರೂ ಬೈಸಿಕಲ್ಲನ್ನು ನೆನೆಯರು. ಆದರೆ ಎಲ್ಲ ದಿನಗಳೂ ಯುದ್ಧದ ದಿನಗಳಲ್ಲ. ಅವನ್ನು ಯುದ್ಧದ ದಿನಗಳಂತೆ ನಡೆಸಿಕೊಳ್ಳುವುದೇ ನಮ್ಮ ದೋಷ.

ಯುದ್ಧವು ಮುಗಿದ ಮೇಲೆ ಆಕೆಯ ಬೇಸಗೆಗಳು ಬ್ರಿಟ್ಟನಿ ಪ್ರಾಂತದ ಲಾರ್ಕುವೆಸ್ಟ್ ಎಂಬ ಕಡಲತೀರದ ಹಳ್ಳಿಯಲ್ಲಿ ಕಳೆದುವು. ಇತಿಹಾಸಕಾರನಾದ ಶಾರ್ಲ್ ಸೆನ್ಯೊಬಾಸನ ಸುತ್ತ ಪ್ರಾಧ್ಯಾಪಕರ ಕುಟುಂಬಗಳು ಅಲ್ಲಿ ಪ್ರತಿ ವರ್ಷ ಕೂಡುತ್ತಿದ್ದುವು. ಆ ಊರಿಗೆ ವಿಜ್ಞಾನದ ಕೋಟೆ ಎಂಬರ್ಥದ ಅಡ್ಡಹೆಸರೂ ಬಿದ್ದಿತು. ಆದರೆ ಅಲ್ಲಿ ದೋಣಿಗೆ ಹುಟ್ಟು ಹಾಕುವವನೇ ದೊಡ್ಡವನು, ಬಿರುದುಬಾವಲಿಗಳಿಗೆ ಬೆಲೆಯಿಲ್ಲ. ಐವತ್ತು ದಾಟಿದ ಮೇಲೆ ಮೇರಿಯು ಹೆಣ್ಣುಮಕ್ಕಳಿಂದ ಹೊಸ ಬಗೆಯ ಈಜನ್ನು ಕಲಿತು, ತಾನು ಈಜಿದ ದೂರವನ್ನು ಹೇಳಿಕೊಂಡು ಹೆಮ್ಮೆಪಡುತ್ತಿದ್ದಳು. ನೊಬೆಲ್ ಪಾರಿತೋಷಕಗಳ ವಿಷಯದಲ್ಲಿ ಹೆಮ್ಮೆಯನ್ನೇ ಅರಿಯದವಳಿಗೆ ಈಜಿನ ವಿಷಯದಲ್ಲಿ ಅದು ಇದ್ದಿತೆಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ಇಷ್ಟನ್ನು ಹೇಳಿದ ಮೇಲೆ, ವಿಹಾರವು ಆಕೆಯ ಪ್ರಾಣವನ್ನು ಕಾಪಾಡಿತೆಂದು ಹೇಳಿ ಮುಗಿಸಿದರೆ ಅದು ಅಸತ್ಯವಾಗುವುದು. ತಾನೇ ಕಂಡುಹಿಡಿದ ಧಾತುವಿನ ಕಿರಣಗಳು ಹಲವು ದಶಕಗಳಿಂದ ಆಕೆಯ ದೇಹವನ್ನು ತಿನ್ನುತ್ತಿದ್ದುವು. ಬೆರಳುಗಳು ಸುಟ್ಟುವು, ಕಣ್ಣಿಗೆ ಪೊರೆ ಬಂದು ಅನೇಕ ಸಲ ಶಸ್ತ್ರಚಿಕಿತ್ಸೆಯಾಯಿತು. ಶಿಷ್ಯರಿಗೆ ವಿಧಿಸಿದ ಎಚ್ಚರಿಕೆಯನ್ನು ಆಕೆ ತನ್ನ ವಿಷಯದಲ್ಲಿ ಸಡಿಲಬಿಟ್ಟಳು. 1934ರ ಜುಲೈ 4ರಂದು ಆಲ್ಪ್ಸ್ ಪರ್ವತದ ಆರೋಗ್ಯಧಾಮವೊಂದರಲ್ಲಿ, ಮಜ್ಜೆಯು ರಕ್ತವನ್ನು ಉತ್ಪತ್ತಿಮಾಡದಂತಾಗುವ ರೋಗದಿಂದ, 66ನೆಯ ವಯಸ್ಸಿನಲ್ಲಿ ಆಕೆ ದೇಹವನ್ನು ಬಿಟ್ಟಳು. ಶುದ್ಧವಾದ ಗಾಳಿಯೂ ಬಯಲೂ ರೇಡಿಯಂಗೆ ಮದ್ದಲ್ಲ. 1995ರಲ್ಲಿ ಫ್ರಾನ್ಸ್ ದೇಶವು ಆಕೆಯ ಅಸ್ಥಿಗಳನ್ನು ತನ್ನ ಮಹಾಪುರುಷರ ಸಮಾಧಿಮಂದಿರವಾದ ಪಾಂಥೆಯಾನಿನಲ್ಲಿ ಇರಿಸಿ ಗೌರವಿಸಿತು.

ಹಾಗಾದರೆ ಆ ಬೈಸಿಕಲ್ಲುಗಳಿಂದ ಆದ ಪ್ರಯೋಜನವೇನು? ಪ್ರಯೋಜನದ ಲೆಕ್ಕದಿಂದಲೇ ಅವನ್ನು ಅಳೆಯಬಾರದೆಂದು ನಾವು ತಿಳಿಯುವೆವು. ಆಟವಾಡಿದರೆ ಅಂಕಗಳು ಹೆಚ್ಚು ಬರುವುವೆಂದು ನಾವು ತಾಯಿತಂದೆಗಳಿಗೆ ಆಸೆ ಹುಟ್ಟಿಸುವುದಿಲ್ಲ. ಪಿಯೆರನೊಡನೆ ಕಳೆದ ಹನ್ನೊಂದು ವರ್ಷಗಳ ಬೇಸಗೆಗಳು ರೇಡಿಯಂ ದೊರೆಯದೆ ಹೋಗಿದ್ದರೂ ಬೆಲೆಯುಳ್ಳವುಗಳೇ. ಅವು ಕೆಲಸಕ್ಕೆ ಕೊಟ್ಟ ಕೂಲಿಯಲ್ಲ. ಕೆಲಸದಷ್ಟೇ ಆಕೆಯ ಬಾಳು. ಕೆಲಸವು ಮುಗಿದ ಮೇಲೆ ವಿಶ್ರಾಂತಿಯೆಂದು ಕಾದು ಕುಳಿತವರಿಗೆ ಅದು ಬಾರದು, ಏಕೆಂದರೆ ಕೆಲಸವು ಮುಗಿಯುವುದಿಲ್ಲ, ಮನೆಯ ಕೆಲಸವಂತೂ ಮುಗಿಯುವುದೇ ಇಲ್ಲ. ಪಾಠಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯಿರುವಂತೆ ವಿಹಾರಕ್ಕೂ ಒಂದು ಗಂಟೆಯನ್ನು ಬರೆದಿಡಬೇಕು; ಮನೆಯವರೂ ಅದನ್ನು ಕಾಪಾಡಿಕೊಡಬೇಕು. ತೊಟ್ಟಿಲನ್ನು ತೂಗಿದ ಮಾವ, ಕಟುವಾದ ಕಾಗದ ಬರೆದ ಗೆಳೆಯ, ಹಳ್ಳಿಗೆ ಕರೆಯಿಸಿಕೊಂಡ ಶಿಷ್ಯೆ, ಒಂದು ವರ್ಷದ ಬಿಡುವನ್ನು ಕೊಟ್ಟ ತಂದೆ, ಇವರಲ್ಲಿ ಒಬ್ಬರ ಪಾತ್ರವನ್ನಾದರೂ ನಮ್ಮಲ್ಲಿ ಪ್ರತಿಯೊಬ್ಬರೂ ವಹಿಸಬಹುದು.

ಆದುದರಿಂದ ಪರೀಕ್ಷೆಯ ತಿಂಗಳಲ್ಲಿಯೂ ನಮ್ಮ ಆಟದ ಬಯಲಿನ ಬಾಗಿಲು ಸಂಜೆ ತೆರೆದೇ ಇರುವುದು. ತಾಯಿತಂದೆಗಳು ಮಗಳನ್ನು ಕಳುಹಿಸಿಕೊಡಲಿ. ಹಳೆಯ ವಿದ್ಯಾರ್ಥಿನಿಯರು ವಾರದಲ್ಲಿ ಒಂದು ಸಂಜೆಯನ್ನಾದರೂ ತಮಗಾಗಿ ಇಟ್ಟುಕೊಂಡು, ಅದನ್ನು ಅಳುಕಿಲ್ಲದೆ ಸಂತೋಷದಿಂದ ಕಳೆಯಲಿ ಎಂದು ಹಾರೈಸುವೆವು.